ಯುಗಾದಿಯ ಎರಡನೆಯ ಪಂಚಾಂಗ

ನಮ್ಮೂರಲ್ಲಿ ಯುಗಾದಿಯ ದಿನ ಎರಡು ಪಂಚಾಂಗ ಓದುತ್ತಿದ್ದರು. ಮೊದಲನೆಯದು ಐನೋರದು. ಅದರಲ್ಲಿ ಮಳೆ, ಬೆಳೆ, ಗ್ರಹಣ, ದನಕರುಗಳ ಕ್ಷೇಮ ಇರುತ್ತಿತ್ತು. ಎರಡನೆಯದು ದನದ ದವಾಖಾನೆಯ ಕಂಪೌಂಡರ್ ಸಾಹೇಬರದು. ಅದರಲ್ಲಿ ಟೇಕ್ವಾಂಡೋ ಇರುತ್ತಿತ್ತು. ಜಗತ್ತಿನ ಟೇಕ್ವಾಂಡೋ ಹೋದ ವರ್ಷ ಏನು ಮಾಡಿತು, ಬರುವ ವರ್ಷ ಏನು ಮಾಡಲಿದೆ ಎಂಬುದನ್ನು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಒಂದು ಸಣ್ಣ ಊರು, ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು, ಬೇವು-ಬೆಲ್ಲದ ನೀರು ಕುಡಿಯುತ್ತ ಕೇಳುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿರಿ. ನಾನೂ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ಹೋದ ತಿಂಗಳು ನಿಮ್ಮವ್ವ ಗಂಗಾವತಿಯಿಂದ ಫೋನ್ ಮಾಡಿ, "ಯವ್ವಾ, ನಮ್ಮ ಕಂಪೌಂಡರ್ ಸರ್ ತೀರಿಕೊಂಡ್ರಂತ" ಎಂದು ಅತ್ತಳು. ಪಕ್ಕದಲ್ಲಿದ್ದ ನೀವು "ಯಾರವರು?" ಎಂದು ಕೇಳಿದ್ದು ನನಗೆ ಕೇಳಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಾಯಿಂದ ಹೇಳುವುದು ನನಗೆ ಆಗುವುದಿಲ್ಲ, ನಿಮಗೆ ಗೊತ್ತು. ಅವರ ಹೆಸರನ್ನೂ ಬರೆಯುವುದಿಲ್ಲ. ಇದ್ದಾಗ ಹೆಸರು ಹಿಡಿದು ಕರೆದವಳಲ್ಲ, ಹೋದ ಮೇಲೆ ಕರೆದರೆ ಚೆನ್ನಾಗಿರುವುದಿಲ್ಲ.

ಅವರು ನಮ್ಮೂರಿಗೆ ವರ್ಗವಾಗಿ ಬಂದಾಗ ನಿಮ್ಮವ್ವನಿಗೆ ನಾಲ್ಕು ವರ್ಷ. ದನದ ದವಾಖಾನೆ ನಮ್ಮ ಮನೆಯ ಗೋಡೆಗೆ ಗೋಡೆ. ಒಂದು ಸಣ್ಣ ಕಟ್ಟಡ, ಮುಂದೆ ದೊಡ್ಡ ಅಂಗಳ, ಅಂಗಳದ ನಡುವೆ ಎತ್ತುಗಳನ್ನು ನಿಲ್ಲಿಸಿ ಕಟ್ಟುವ ಕಟ್ಟಿಗೆಯ ಚೌಕಟ್ಟು. ಡಾಕ್ಟರರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಎಲ್ಲ ಇವರೇ. ತೆಳ್ಳಗೆ, ಉದ್ದಕ್ಕೆ ಇದ್ದರು. ಮೀಸೆ ಮಾತ್ರ ಯಾರೋ ದಪ್ಪ ಮನುಷ್ಯನಿಂದ ಕೇಳಿ ತಂದಂತೆ ಇತ್ತು.

ಬಂದ ಮೊದಲ ದಿನವೇ ಒಬ್ಬರು ಎತ್ತು ಹೊಡೆದುಕೊಂಡು ಬಂದರು. ಇವರು ಸೂಜಿ ಕೈಯಲ್ಲಿ ಹಿಡಿದು, ಎತ್ತಿನ ಮುಂದೆ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಆಮೇಲೆ ಎತ್ತಿನ ಒಡೆಯನ ಕಡೆ ತಿರುಗಿ ಇನ್ನೊಂದು ನಮಸ್ಕಾರ. ಆಮೇಲೆ ಸೂಜಿ. ಸಂಜೆಯೊಳಗೆ ಊರ ತುಂಬ ಸುದ್ದಿ: "ಹೊಸಾ ಕಂಪೌಂಡರ್ ಭಾಳ ದೈವಭಕ್ತರು. ಬಸವಣ್ಣಗ ಕೈ ಮುಗೀದ ಸೂಜಿ ಚುಚ್ಚಂಗಿಲ್ಲ."

ಒಂದು ವಾರ ಆ ಭಕ್ತಿಯ ಹೆಸರು ನಡೆಯಿತು. ಆಮೇಲೆ ಅವರು ಕತ್ತೆಗೂ ನಮಸ್ಕಾರ ಮಾಡಿದ್ದನ್ನು ನೋಡಿದರು. ಟಗರಿಗೂ ಮಾಡಿದರು. ಒಂದು ದಿನ ಚೌಕಟ್ಟಿಗೆ ಶೇಂಗಾ ಹೊಟ್ಟಿನ ಚೀಲ ನೇತುಹಾಕಿ ಅದಕ್ಕೂ ಮಾಡಿದರು. ನನ್ನ ಮಾವ, ಅಂದರೆ ನಿಮ್ಮವ್ವನ ಅಜ್ಜ, ಗೋಡೆಯ ಮೇಲಿಂದ ನೋಡಿ ತಡೆಯಲಾರದೆ ಕೇಳಿಯೇ ಬಿಟ್ಟರು.

"ಸಾಹೇಬ್ರ, ಚೀಲಕ್ಕ ಯಾಕ ಕೈ ಮುಗೀತೀರಿ?"

"ಇದು ಟೇಕ್ವಾಂಡೋರಿ ಯಜಮಾನ್ರ. ಕೊರಿಯಾ ದೇಶದ್ದು. ಎದುರಾಳಿಗೆ ಮೊದಲು ನಮಸ್ಕಾರ ಮಾಡಬೇಕು, ಆಮ್ಯಾಲ ಒದಿಬೇಕು."

"ಚೀಲ ಸರಿ. ಎತ್ತು ಹೆಂಗ ಎದುರಾಳಿ ಆತ್ರಿ?"

"ಒದ್ದ ಮ್ಯಾಲ ಆತಲ್ರಿ" ಎಂದು ಅವರು ಪೈಜಾಮ ಮೇಲೆತ್ತಿ ಮೊಳಕಾಲು ತೋರಿಸಿದರು.

ಕಂಪೌಂಡರ್ ತರಬೇತಿಗೆಂದು ಬೆಂಗಳೂರಿನಲ್ಲಿದ್ದಾಗ ಅವರು ಇದನ್ನು ಕಲಿತಿದ್ದರಂತೆ. ಕೆಂಪು ಪಟ್ಟಿಯವರೆಗೆ ಮುಟ್ಟಿದ್ದರು. ಅದರ ಮುಂದಿನದು ಕಪ್ಪು. ಆ ಪರೀಕ್ಷೆಯ ಹೊತ್ತಿಗೆ ನಮ್ಮೂರಿಗೆ ಹಾಕಿದರು. ಕೊನೆಯವರೆಗೂ ಅವರ ಸೊಂಟದಲ್ಲಿ ಕೆಂಪು ಪಟ್ಟಿಯೇ ಇತ್ತು. ಯಾರಾದರೂ ಆ ಮಾತು ತೆಗೆದರೆ, "ಕಪ್ಪು ನಮ್ಮ ಎಮ್ಮಿಗೊಳಿಗೆ ಇರಲಿ ಬಿಡ್ರಿ" ಎನ್ನುತ್ತಿದ್ದರು.

ದಿನಾ ಸಂಜೆ ದವಾಖಾನೆ ಮುಚ್ಚಿದ ಮೇಲೆ ಅಂಗಳದಲ್ಲಿ ಮಕ್ಕಳಿಗೆ ಕಲಿಸಲು ಶುರು ಮಾಡಿದರು. ಫೀ ಇಲ್ಲ, ಬಂದವರು ಅಂಗಳದ ಸಗಣಿ ಬಳಿಯಬೇಕು, ಅಷ್ಟೆ. "ಹಾನಾ, ದುಲ್, ಸೆತ್, ನೆತ್" ಎಂದು ಕೊರಿಯಾದ ಎಣಿಕೆಯಲ್ಲಿ ಕೂಗುವರು, ಮಕ್ಕಳು ಒಂದೊಂದಕ್ಕೆ ಒಂದು ಒದೆ ಕೊಡುವರು. ಗೋಡೆಯ ಈಚೆ ರೊಟ್ಟಿ ಬಡಿಯುತ್ತಿದ್ದ ನನಗೂ ಅದು ಬಾಯಿಪಾಠ ಆಗಿಹೋಯಿತು. ಒಂದು ದಿನ ನನ್ನ ಅತ್ತೆ, "ಎಷ್ಟು ಆದುವು ರೊಟ್ಟಿ?" ಎಂದರೆ ನಾನು "ಇಲ್ಗೋಪ್" ಎಂದುಬಿಟ್ಟೆ. ಏಳು ಎಂದರ್ಥ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು.

ಗರಡಿಯ ಉಸ್ತಾದರಿಗೆ ಮಾತ್ರ ಇದು ಮನಸ್ಸಿಗೆ ಬರಲಿಲ್ಲ. ಅವರು ದಾರಿಯಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ, "ಕೈಯಾಗ ಶಕ್ತಿ ಇಲ್ಲದವರು ಕಾಲು ಎತ್ತತಾರ. ಒದಿಯೂದು ಕತ್ತಿ ಕೆಲಸ" ಎಂದರು.

ಕಂಪೌಂಡರರು ಸಿಟ್ಟಾಗಲಿಲ್ಲ. ಮೊದಲು ಉಸ್ತಾದರಿಗೆ ನಮಸ್ಕಾರ ಮಾಡಿದರು. ಅದನ್ನು ನೋಡಿ ಉಸ್ತಾದರು ಎರಡು ಹೆಜ್ಜೆ ಹಿಂದೆ ಸರಿದರು. "ಖರೇ ಐತ್ರಿ ಉಸ್ತಾದ್. ಕತ್ತಿ ಕಡಿಂದನ ಕಲಿಬೇಕು. ಕತ್ತಿ, ಕುದುರಿ, ಎತ್ತು, ಎಮ್ಮಿ, ಎಲ್ಲಾರ ಕಡೆ ಒದಿಸಿಕೊಂಡೀನಿ. ಕತ್ತಿದು ಬರೇ ಹಿಂದಕ್ಕ. ಅಡ್ಡ ಒದಿಯೂದು ಯಾರಿಗೂ ಬರಂಗಿಲ್ಲ, ಎಮ್ಮಿಗೊಂದ ಬರತೈತಿ. ನೀವು ಒಮ್ಮಿ ಬರ್ರಿ, ತೋರಸ್ತೀನಿ." ಉಸ್ತಾದರು ಬರಲಿಲ್ಲ.

ಮಕ್ಕಳ ಬಿಳಿ ಪೋಷಾಕು ಹೊಲಿದವಳು ನಾನು. ನನ್ನ ಹತ್ತಿರ ಕೈಯಿಂದ ತಿರುಗಿಸುವ ಮಷೀನು ಇತ್ತು. ಅವರು ನಿಮ್ಮವ್ವನ ಕೈಯಲ್ಲಿ ಬಟ್ಟೆ ಕಳಿಸುವರು, ನಾನು ಹೊಲಿದು ಅವಳ ಕೈಯಲ್ಲೇ ಕಳಿಸುವೆ. ನಮ್ಮಿಬ್ಬರ ಮಾತೆಲ್ಲ ಹೀಗೇ, ಹತ್ತು ಹನ್ನೆರಡು ವರ್ಷ. ಮೊದಲ ಸಲ ನಾನು ಪೈಜಾಮಗಳನ್ನು ಮನೆಯ ಗಂಡಸರಿಗೆ ಹೊಲಿಯುವಂತೆ ಹೊಲಿದೆ. ಮೊದಲ "ಹಾನಾ"ಕ್ಕೇ ನಾಲ್ಕು ಪೈಜಾಮ ಸೀಳಿದವು. ಆಮೇಲೆ ತೊಡೆಯ ಸಂದಿಗೆ ಒಂದೊಂದು ಚೌಕ ತುಂಡು ಜೋಡಿಸಿ ಹೊಲಿದೆ. ಆಮೇಲೆ ಒಂದೂ ಹರಿಯಲಿಲ್ಲ. ಆ ಯುಗಾದಿಯ ವರದಿಯಲ್ಲಿ ಅವರು ಜಗತ್ತಿನ ಸುದ್ದಿ ಎಲ್ಲ ಮುಗಿಸಿ, "ಪೋಷಾಕಿನ ವಿಷಯದಾಗ ಈ ವರ್ಷ ಕೊರಿಯಾದವರಿಗೂ ಹೊಳೀಲಾರದ್ದು ನಮ್ಮೂರಾಗ ಆಗೈತಿ" ಎಂದು ಆ ಚೌಕ ತುಂಡನ್ನು ಎಲ್ಲಿ ಹಚ್ಚಿದೆ ಎಂಬುದನ್ನೂ ತೋರಿಸಿದರು. ನಾನು ಹೆಂಗಸರ ನಡುವೆ ನೆಲ ಬಾಯಿಬಿಡಲಿ ಎಂದುಕೊಂಡು ಕೂತಿದ್ದೆ.

ಆ ವರದಿ ಹೇಗೆ ಶುರುವಾಯಿತು ಎಂದು ಹೇಳಬೇಕು. ಅವರಿಗೆ ಬೆಂಗಳೂರಿನ ಗುರುಗಳು ವರ್ಷಕ್ಕೆ ಒಂದೆರಡು ಸಲ ಇಂಗ್ಲಿಷ್ ಪತ್ರಿಕೆ ಕಳಿಸುತ್ತಿದ್ದರು. ಅದನ್ನು ನಿಘಂಟು ಇಟ್ಟುಕೊಂಡು ವರ್ಷಪೂರ್ತಿ ಓದುವರು. ಓದಿದ ಮೇಲೆ ಹೇಳದೆ ಇರಲು ಆಗದು. ಆದರೆ ಯಾರಿಗೆ ಹೇಳುವುದು? ಒಂದು ಸಲ ಐನೋರ ಆಕಳು ಕರು ಹಾಕಲು ಎರಡು ದಿನ ಒದ್ದಾಡಿತು. ಇವರು ಊಟ ಬಿಟ್ಟು ನಿಂತು ಎರಡನ್ನೂ ಉಳಿಸಿದರು. ಐನೋರು "ಏನು ಬೇಕು ಕೇಳ್ರಿ" ಎಂದಾಗ, "ಯುಗಾದಿ ದಿನ ನಿಮ್ಮದು ಮುಗಿದ ಮ್ಯಾಲ ನನಗ ಅರ್ಧ ತಾಸು ಕಟ್ಟಿ ಬಿಟ್ಟುಕೊಡ್ರಿ" ಎಂದರಂತೆ. ಜನ ಹೇಗೂ ಕೂತಿರುತ್ತಾರೆ, ಬೇವು ಇನ್ನೂ ಉಳಿದಿರುತ್ತದೆ.

ಐನೋರು ಓದುವ ಕ್ರಮವನ್ನೇ ಇವರೂ ಹಿಡಿದರು. ಐನೋರು, "ಈ ಸಂವತ್ಸರಕ್ಕೆ ರಾಜ ಶನಿ, ಮಂತ್ರಿ ಬುಧ" ಎಂದು ಮುಗಿಸಿದರೆ, ಇವರು ಎದ್ದು ನಿಂತು ಊರಿಗೆಲ್ಲ ನಮಸ್ಕಾರ ಮಾಡಿ, "ಟೇಕ್ವಾಂಡೋಕ್ಕ ಈ ವರ್ಷಾನೂ ರಾಜ ಕೊರಿಯಾ. ಮಂತ್ರಿ ಸ್ಪೇನು. ಸೇನಾಧಿಪತಿ ಮೆಕ್ಸಿಕೋ" ಎನ್ನುವರು.

"ನಮ್ಮ ದೇಶ ಏನೈತ್ರಿ?" ಎಂದು ಯಾರಾದರೂ ಕೇಳುವರು.

"ನಮ್ಮ ದೇಶ ಇನ್ನಾ ಅಂಗಳ ಕಸಾ ಹೊಡಿಯಾಕತ್ತೈತಿ. ಬರತೈತಿ, ಬರತೈತಿ."

ಎಲ್ಲರಿಗೂ ಇಷ್ಟವಾದದ್ದು ಜಗಳದ ಭಾಗ. ಟೇಕ್ವಾಂಡೋಕ್ಕೆ ಜಗತ್ತಿನಲ್ಲಿ ಎರಡು ಸಂಘಗಳಿದ್ದವಂತೆ, ಒಂದಕ್ಕೊಂದು ಮುಖ ನೋಡುತ್ತಿರಲಿಲ್ಲವಂತೆ. ಇದು ಕೇಳಿದ ಕೂಡಲೇ ನನ್ನ ಮಾವ ನೆಟ್ಟಗೆ ಕೂತರು.

"ಪಾಲು ಆಗೈತೋ ಇಲ್ಲೋ?"

"ಪಾಲು ಆಗಿಲ್ರಿ ಯಜಮಾನ್ರ, ಅದ ತಂಟೆ. ಇಬ್ಬರೂ ನಾವ ಖರೇ ಟೇಕ್ವಾಂಡೋ ಅಂತಾರ."

"ನಡುವ ಗ್ವಾಡಿ ಹಾಕಿಸ್ರಿ ಅನ್ರಿ. ಬಾವಿ ಇಬ್ಬರಿಗೂ ಇರಲಿ."

"ಬರದು ಕಳಸ್ತೀನ್ರಿ" ಎಂದು ಕಂಪೌಂಡರರು ಹೇಳಿದರು. ಬರೆದರೋ ಇಲ್ಲವೋ ಗೊತ್ತಿಲ್ಲ. ಮುಂದಿನ ಎಲ್ಲ ಯುಗಾದಿಗೂ ಮಾವ ಮೊದಲು ಕೇಳುತ್ತಿದ್ದ ಪ್ರಶ್ನೆ, "ಆ ಅಣ್ಣತಮ್ಮರದು ಬಗಿಹರೀತೇನ್ರಿ?" ಎಂದೇ. ಇಲ್ಲ ಎಂದರೆ, "ಹೆಂಗಸರು ನಡುವ ಬಂದಿರಬೇಕು" ಎನ್ನುವರು. ಹೆಂಗಸರ ಕಡೆಯಿಂದ ನನ್ನ ಅತ್ತೆ, "ನೀವು ಮೂರು ಮಂದಿ ಅಣ್ಣತಮ್ಮರು ಬ್ಯಾರೆ ಆದಾಗ ಯಾವ ಹೆಂಗಸು ಬಂದಿದ್ದಳು?" ಎಂದು ಕೂಗುವರು. ಆಗ ಟೇಕ್ವಾಂಡೋ ಸ್ವಲ್ಪ ಹೊತ್ತು ನಿಲ್ಲುವುದು.

ಅವರ ಅಕ್ಷರ ಬಹಳ ಕೆಟ್ಟದು. ಅದೂ ದನಗಳ ಸೂಜಿಯ ಲೆಕ್ಕ ಬರೆಯುವ ಹಳೆಯ ಫಾರ್ಮುಗಳ ಬೆನ್ನಿಗೆ ಬರೆದುಕೊಳ್ಳುವರು. ಒಂದು ಯುಗಾದಿಗೆ ಓದುವ ಭರದಲ್ಲಿ ಹಾಳೆ ತಿರುವುಮುರುವು ಆಯಿತು. "ಈ ವರ್ಷ ಸ್ಪೇನ್ ದೇಶದಾಗ" ಎಂದವರು ಹಾಳೆ ಮಗುಚಿ, ಅದೇ ಎತ್ತರದ ದನಿಯಲ್ಲಿ, "ಎಲ್ಲಾ ಎಮ್ಮಿಗೂ ಕಾಲುಬಾಯಿ ಬ್ಯಾನಿ ಸೂಜಿ ಹಾಕೈತಿ" ಎಂದು ಓದಿಬಿಟ್ಟರು. ಒಬ್ಬ ಮುದುಕಿ ಎದೆ ಹಿಡಿದುಕೊಂಡು, "ಅಯ್ಯ ಶಿವನ, ಅಲ್ಲೂ ಬಂತಾ ಆ ಬ್ಯಾನಿ!" ಎಂದಳು.

ಮರುವರ್ಷ ಅವರು ನಿಮ್ಮವ್ವನ ಕೈಯಲ್ಲಿ ಆ ಫಾರ್ಮುಗಳನ್ನೂ ನಾಲ್ಕು ಗೆರೆ ಹಾಳೆಗಳನ್ನೂ ಕಳಿಸಿದರು. "ಸರ್ ಕೇಳ್ಯಾರ, ನೀ ಚಂದಗೆ ಬರದು ಕೊಡಬೇಕಂತ." ನಾನು ಓದಿದ್ದು ನಾಲ್ಕನೇತ್ತ. ಆದರೆ ನಮ್ಮ ಸಾಲಿಯ ಮಾಸ್ತರು ಅಕ್ಷರ ಗುಂಡಗೆ ಬರುವತನಕ ಬಿಡುತ್ತಿರಲಿಲ್ಲ. ಅಂದಿನಿಂದ ಜಗತ್ತಿನ ಟೇಕ್ವಾಂಡೋ ನನ್ನ ಅಕ್ಷರದಲ್ಲಿ ಕಟ್ಟೆ ಹತ್ತತೊಡಗಿತು. ಅವರು ಹಾಳೆ ತೆಗೆದುಕೊಂಡವರು ಒಮ್ಮೆಯೂ ಮೊದಲೇ ನೋಡಿಕೊಳ್ಳುತ್ತಿರಲಿಲ್ಲ. ನೇರ ಕಟ್ಟೆಯ ಮೇಲೆ ನಿಂತು ಓದುವುದೇ.

ಹೀಗಿರುವಾಗ ಒಂದು ಯುಗಾದಿಗೆ ಅವರು, "ಬರೂ ವರ್ಷ ಸೋಲ್ ಪಟ್ಟಣದಾಗ ಏಷ್ಯಾದ ಆಟ ಆಗತಾವ. ಅದರಾಗ ಟೇಕ್ವಾಂಡೋ ಸೇರತೈತಿ. ಅದರ ಮುಂದ ಅಲ್ಲೇ ಒಲಿಂಪಿಕ್ಸ್. ಅದರಾಗೂ ತೋರಸ್ತಾರ" ಎಂದರು. ಅದೇ ಯುಗಾದಿಗೆ ಐನೋರು ಒಳ್ಳೆ ಮಳೆ ಹೇಳಿದ್ದರು. ಮಳೆ ನಮ್ಮನ್ನು ದಾಟಿ ಗಂಗಾವತಿ ಕಡೆ ಹೋಯಿತು, ಕಾಲುವೆ ನೀರು ಇದ್ದವರ ಮೇಲೆಯೇ ಸುರಿಯಿತು. ಏಷ್ಯಾದ ಆಟದಲ್ಲಿ ಟೇಕ್ವಾಂಡೋ ಮಾತ್ರ ಸೇರಿತು. ಹೆಡ್‌ಮಾಸ್ತರರು ಪೇಪರಿನ ಹಿಂದಿನ ಪುಟದಲ್ಲಿ ಅದನ್ನು ಎಲ್ಲರಿಗೂ ತೋರಿಸಿದರು.

ಅಲ್ಲಿಂದ ಊರಿನ ನಂಬಿಕೆ ತಿರುಗಿತು. ಜನ ಕಂಪೌಂಡರರನ್ನು ಹಿಡಿದು, "ನಮ್ಮ ಎಮ್ಮಿ ಯಾವಾಗ ಈಯತೈತಿ ಹೇಳ್ರಿ" ಎಂದು ಕೇಳುವರು. ಅವರು ಎಮ್ಮೆಯನ್ನು ಮುಟ್ಟಿ ನೋಡಿ ಇಷ್ಟು ದಿನ ಎನ್ನುವರು. ಅವರ ಕೆಲಸವೇ ಅದು, ಹೇಳಿದ ದಿನಕ್ಕೆ ಈಯುತ್ತಿತ್ತು. ಜನ ಅದನ್ನೂ ಟೇಕ್ವಾಂಡೋ ಪಂಚಾಂಗದ ಲೆಕ್ಕಕ್ಕೇ ಸೇರಿಸಿದರು. ಅವರಿಗೆ ಇದು ದೊಡ್ಡ ಸಂಕಟವಾಯಿತು.

"ನಾ ಫಲ ಹೇಳಂಗಿಲ್ರೀ ಮಾರಾಯ್ರ. ಕಾಗದದಾಗ ಇದ್ದದ್ದು ಓದತೀನಿ. ಕಾಗದದಾಗ ಇಲ್ಲದ್ದು ಒಂದು ಅಕ್ಷರ ನನ್ನ ಬಾಯಾಗ ಬರಂಗಿಲ್ಲ."

"ಐನೋರೂ ಕಾಗದ ನೋಡೇ ಹೇಳತಾರಲ್ರಿ" ಎಂದರು ಜನ.

ಅಷ್ಟರಲ್ಲಿ ನಿಮ್ಮವ್ವ ಏಳನೇತ್ತಕ್ಕೆ ಬಂದಿದ್ದಳು. ನಮ್ಮೂರ ಸಾಲಿ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನದಕ್ಕೆ ಬಸ್ಸು ಹತ್ತಿ ಕುಷ್ಟಗಿಗೆ ಹೋಗಬೇಕು. ಅಂಗಳದ ಮಕ್ಕಳಲ್ಲಿ ಅವಳಷ್ಟು ಎತ್ತರಕ್ಕೆ ಕಾಲು ಹಾಕುವವರು ಇನ್ನೊಬ್ಬರಿರಲಿಲ್ಲ. ಆ ಚಳಿಗಾಲ ಒಂದು ದಿನ ಊಟಕ್ಕೆ ಕೂತಾಗ ನನ್ನ ಮಾವ, "ಏಳನೇತ್ತ ಸಾಕು. ಯುಗಾದಿ ಆದ ಮ್ಯಾಲ ಅಂಗಳದಾಗ ಕುಣಿಯೂದೂ ಸಾಕು. ಹುಡುಗಿ ಕಾಲು ಆಕಾಶಕ್ಕ ಎತ್ತಿದ್ರ ಬೀಗರಾಗವರು ಯಾವ ಕಡೆ ಮಾರಿ ಮಾಡಬೇಕು?" ಎಂದರು. ನಿಮ್ಮ ಅಜ್ಜ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅಪ್ಪನ ಮುಂದೆ ಅವರು ಅಷ್ಟೇ ಮಾತಾಡುತ್ತಿದ್ದುದು.

ಸುದ್ದಿ ತಿಳಿದು ಕಂಪೌಂಡರರು ಮಾವನ ಹತ್ತಿರ ಬಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಯಜಮಾನ್ರ, ದಸರಾಕ್ಕ ರಾಯಚೂರಾಗ ಹುಡುಗ್ಯಾರ ಸ್ಪರ್ಧಾ ಐತ್ರಿ. ಹೈಸ್ಕೂಲಿನ್ಯಾಗ ಓದೂ ಹುಡುಗ್ಯಾರಿಗೆ ಅಷ್ಟ. ನಿಮ್ಮ ಹುಡುಗಿನ್ನ ಕುಷ್ಟಗಿ ಸಾಲಿಗೆ ಹಾಕಿದ್ರ..."

"ಸಾಹೇಬ್ರ, ದನದ ವಿಷಯ ನೀವು ಹೇಳ್ರಿ, ನಾ ಕೇಳ್ತೀನಿ. ಮನಿ ವಿಷಯ ನಾ ನೋಡ್ಕೋತೀನಿ."

ಅವರು ಮಾವನಿಗೊಂದು, ಬಾಗಿಲಿಗೊಂದು ನಮಸ್ಕಾರ ಮಾಡಿ ಹೋದರು. ಚಪ್ಪಲಿ ನಮ್ಮ ಮನೆಯ ಮುಂದೆಯೇ ಮರೆತಿದ್ದರು.

ನನ್ನನ್ನು ನಾಲ್ಕನೇತ್ತಕ್ಕೆ ಸಾಲಿ ಬಿಡಿಸಿದ ದಿನ ಪಾಟಿ ಕೊಟ್ಟುಬಿಟ್ಟೆ. ಅದು ತಮ್ಮನಿಗೆ ಹೋಯಿತು. ನಿಮ್ಮವ್ವ ಹಾಗಲ್ಲ. ಅವಳು ಅತ್ತಳು, ಊಟ ಬಿಟ್ಟಳು, ಗೋಡೆಗೆ ಒದ್ದಳು. ಗೋಡೆಯ ಸುಣ್ಣ ಉದುರಿತು, ಮಾವನ ಮನಸ್ಸು ಅಲುಗಲಿಲ್ಲ.

ಯುಗಾದಿ ಬಂತು. ಅಮಾವಾಸ್ಯೆಯ ಮಧ್ಯಾಹ್ನ ಎಂದಿನಂತೆ ಫಾರ್ಮುಗಳೂ ಗೆರೆ ಹಾಳೆಗಳೂ ಬಂದವು. ನಾನು ಬರೆಯುತ್ತ ಹೋದೆ. ಕೊರಿಯಾ, ಸ್ಪೇನು, ಆ ಎರಡು ಸಂಘದ ಜಗಳ, ಸೋಲ್ ಒಲಿಂಪಿಕ್ಸಿಗೆ ನಡೆದ ತಯಾರಿ. ಕೊನೆಗೆ, "ಇಷ್ಟು ವರ್ಷ ಗಂಡಸರಿಗೆ ಮಾತ್ರ ಇದ್ದ ಜಗತ್ತಿನ ಸ್ಪರ್ಧೆ ಈ ವರ್ಷದಿಂದ ಹೆಣ್ಣುಮಕ್ಕಳಿಗೂ ನಡೆಯಲಿದೆ" ಎಂದು ಅವರು ಬರೆದಿದ್ದರು. ಅದನ್ನು ಬರೆದ ಮೇಲೆ ಹಾಳೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ನನ್ನ ಕೈ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದೇ ಗುಂಡು ಅಕ್ಷರದಲ್ಲಿ ಬರೆದೆ: "ಬರುವ ದಸರಾಕ್ಕೆ ನಮ್ಮೂರಿನ ಒಬ್ಬ ಹೆಣ್ಣುಮಗಳು ರಾಯಚೂರಿಗೆ ಹೋಗಿ ಟೇಕ್ವಾಂಡೋ ಆಡಿ ಬರುತ್ತಾಳೆ." ಗೆಲ್ಲುತ್ತಾಳೆ ಎಂದು ಬರೆಯಲಿಲ್ಲ. ಅಷ್ಟು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

ಬರೆದ ಮೇಲೆ ಒರೆಸೋಣವೆಂದರೆ ಶಾಯಿ. ಬೇರೆ ಹಾಳೆ ಇರಲಿಲ್ಲ. ನಿಮ್ಮವ್ವ ಬಂದು ಕಸಿದುಕೊಂಡು ಓಡಿದಳು. ಮರುದಿನ ಸಾರಿಗೆ ನಾನು ಎರಡು ಸಲ ಉಪ್ಪು ಹಾಕಿದೆ, 'ಹಬ್ಬದ ದಿನ ಯಾಕಿಂಗ ಮಾಡ್ದಿ' ಎಂದು ಅತ್ತೆ ಬೈದರು. ಗುಡಿಗೆ ಹೋಗುವುದೇ ಬೇಡವೆಂದುಕೊಂಡೆ. ಆದರೆ ಮನೆಯಲ್ಲಿ ಕೂತು ಕಾಯುವುದು ಅದಕ್ಕಿಂತ ಕಷ್ಟ.

ಐನೋರದು ಮುಗಿಯಿತು. ಕಂಪೌಂಡರರು ಎದ್ದು ಊರಿಗೆ ನಮಸ್ಕಾರ ಮಾಡಿ ಶುರು ಮಾಡಿದರು. ರಾಜ, ಮಂತ್ರಿ, ಸೇನಾಧಿಪತಿ. ಮಾವನ ಪ್ರಶ್ನೆ, ಅತ್ತೆಯ ಉತ್ತರ. ಹೆಣ್ಣುಮಕ್ಕಳ ಜಗತ್ತಿನ ಸ್ಪರ್ಧೆ. ಆಮೇಲೆ ನನ್ನ ಗೆರೆ. ಇಳಿಜಾರಿನಲ್ಲಿ ಬಿಟ್ಟ ಚಕ್ಕಡಿಯ ಹಾಗೆ ಅವರ ದನಿ ಅದನ್ನೂ ಪೂರ್ತಿ ಓದಿದ ಮೇಲೆಯೇ ನಿಂತದ್ದು.

ಅವರು ಹಾಳೆಯ ಹಿಂದೆ ನೋಡಿದರು, ಮುಂದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಹೆಂಗಸರ ಕಡೆ ನೋಡಿದರು. ಎಲ್ಲರ ಸೆರಗೂ ತಲೆಯ ಮೇಲಿತ್ತು, ನನ್ನದು ಮಾತ್ರ ಗದ್ದದವರೆಗೆ ಇಳಿದಿತ್ತು.

"ಏನಂದ್ರಿ ಸಾಹೇಬ್ರ?" ಎಂದರು ನನ್ನ ಮಾವ. "ಇದು ಕಾಗದದಾಗ ಐತೇನು, ಇಲ್ಲಾ ನೀವ ಸೇರಿಸಿದ್ರಿ?"

ಅವರು ಸುಳ್ಳು ಹೇಳುವವರಲ್ಲ. ನಮ್ಮೂರಲ್ಲಿ ಎತ್ತು ಬದುಕುವುದಿಲ್ಲ ಎಂದರೆ ಒಡೆಯನ ಮುಖ ನೋಡಿಯೇ ಹೇಳುತ್ತಿದ್ದರು. ನಾನು ಗುಡಿಯ ಕಂಬ ಹಿಡಿದುಕೊಂಡೆ. ಅವರು ನನ್ನ ಗೆರೆಯ ಮೇಲೆ ಬೆರಳಿಟ್ಟರು.

"ಐತ್ರಿ ಯಜಮಾನ್ರ" ಎಂದರು. "ಕಾಗದದಾಗ ಐತಿ. ನಾ ಒಂದು ಅಕ್ಷರ ಸೇರಿಸಿಲ್ಲ."

ಹೇಳಿ ಹಾಳೆಯನ್ನು ಐನೋರ ಕೈಗೆ ಕೊಟ್ಟರು. ಐನೋರು ತಮ್ಮ ಪಂಚಾಂಗದ ರಾಗದಲ್ಲೇ ಆ ಗೆರೆಯನ್ನು ಇನ್ನೊಮ್ಮೆ ಓದಿದರು. ಆ ರಾಗದಲ್ಲಿ ಬಂದ ಮೇಲೆ ಮುಗಿಯಿತು. ಅದು ಫಲ.

ಆಮೇಲೆ ಎದ್ದ ಗದ್ದಲ ನಾನು ಎಣಿಸಿರಲಿಲ್ಲ. "ಯಾರ ಹುಡುಗಿ?" ಎಂದು ಊರೇ ಎದ್ದು ನಿಂತಿತು. ಕಿರಾಣಿ ಅಂಗಡಿಯವರು ತಮ್ಮ ಮಗಳಿರಬಹುದು ಎಂದರು. ಗರಡಿಯ ಉಸ್ತಾದರು ಎದೆ ತಟ್ಟಿ, "ಇದರಾಗ ಕೇಳೂದು ಏನೈತಿ? ನನ್ನ ಮಗಳ. ಬಲ ನಮ್ಮ ವಂಶದಾಗ ಐತಿ" ಎಂದರು.

ನನ್ನ ಮಾವ ಎದ್ದೇಬಿಟ್ಟರು. "ನಿನ್ನ ಮಗಳಿಗೆ ಹೊಸ್ತಿಲಾ ದಾಟಾಕ ಕಾಲು ಎತ್ತಾಕ ಬರಂಗಿಲ್ಲ. ನಮ್ಮ ಹುಡುಗಿ ನಾಕು ವರ್ಷದಿಂದ ಒದಿಯಾಕತ್ತಾಳ. ಬಂದು ನಮ್ಮ ಗ್ವಾಡಿ ನೋಡು!"

"ಮತ್ತ ನೀವು ಸಾಲಿ ಬಿಡಸ್ತೀವಿ ಅಂದ್ರಂತಲ್ಲ?"

"ಯಾರಂದ್ರು?" ಎಂದರು ಮಾವ.

ಮರುದಿನ ಅಂಗಳಕ್ಕೆ ಮೂವರು ಹೊಸ ಹುಡುಗಿಯರು ಬಂದರು. ಅದರಲ್ಲಿ ಉಸ್ತಾದರ ಮಗಳೂ ಇದ್ದಳು. ಮಾವ ದಿನಾ ಸಂಜೆ ಗೋಡೆಯ ಮೇಲೆ ಮೊಳಕೈ ಊರಿ, ಯಾರ ಕಾಲು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ನೋಡುತ್ತ ನಿಲ್ಲುವರು. ಜೂನ್ ತಿಂಗಳಲ್ಲಿ ತಾವೇ ಧೋತರ ಉಟ್ಟು, ರುಮಾಲು ಸುತ್ತಿ, ನಿಮ್ಮವ್ವನನ್ನು ಕುಷ್ಟಗಿಗೆ ಕರೆದುಕೊಂಡು ಹೋಗಿ ಎಂಟನೇತ್ತಕ್ಕೆ ಹೆಸರು ಹಚ್ಚಿಸಿ ಬಂದರು. ದಸರಾಕ್ಕೆ ಮುಂಚೆ ಕಂಪೌಂಡರರು ನಾಲ್ವರನ್ನೂ ಆಡಿಸಿ ನೋಡಿದರು. ಹೊಸಬರು ಕಲಿತದ್ದು ಆರೇ ತಿಂಗಳು. ನಿಮ್ಮವ್ವನೇ ಹೋಗುವುದೆಂದಾಯಿತು. ಮಾವನೂ ರಾಯಚೂರಿಗೆ ಹೋದರು. "ಫಲ ಹೆಂಗ ಆಗತೈತಿ ನೋಡಬೇಕು" ಎಂದರು.

ಫಲ ಆದದ್ದು ಹೀಗೆ. ನಿಮ್ಮವ್ವ ಎದುರಿನ ಹುಡುಗಿಗೆ ನಮಸ್ಕಾರ ಮಾಡಿದಳು. ಅಲ್ಲಿಗೆ ಸರಿಯಿತ್ತು. ಆದರೆ ನಮ್ಮೂರ ಮಕ್ಕಳು ಕಲಿತದ್ದು ದನದ ದವಾಖಾನೆಯ ಪದ್ಧತಿ: ದನಕ್ಕೊಂದು ನಮಸ್ಕಾರ, ಒಡೆಯನಿಗೊಂದು ನಮಸ್ಕಾರ. ಪಂಚರು ಶುರು ಎಂದಾಗ ನಿಮ್ಮವ್ವ ಆ ಹುಡುಗಿಯ ಮಾಸ್ತರರ ಕಡೆ ತಿರುಗಿ ಸೊಂಟ ಬಗ್ಗಿಸಿದ್ದಳು. ಆ ಹುಡುಗಿ ಬಿಟ್ಟಾಳೆಯೇ? ಎರಡು ಒದೆ ಬಿದ್ದವು. ಆಮೇಲೆ ಎಷ್ಟು ಹೋರಾಡಿದರೂ ಆ ಎರಡು ಒದೆಗಳ ಸಾಲ ತೀರಲಿಲ್ಲ, ಮೊದಲ ಆಟದಲ್ಲೇ ಸೋತಳು. ಮಾವ ಜನರ ನಡುವಿನಿಂದ ಎದ್ದು, "ನಮಸ್ಕಾರ ಮಾಡೋರಿಗೆ ಒದಿಯೂದು ಅದ್ಯಾವ ನ್ಯಾಯರಿ? ನಾವೇನು ನಿಮ್ಮ ಮಾಸ್ತರಗ ಬೈದೀವೇನು?" ಎಂದು ಕೂಗಿದರಂತೆ. ಕಂಪೌಂಡರರು ಕೈ ಹಿಡಿದು ಕೂರಿಸಿದರಂತೆ. ತಪ್ಪು ತಮ್ಮದೆಂದು ಅವರಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ನಿಮ್ಮವ್ವನಿಗೆ, "ಎರಡನೇ ನಮಸ್ಕಾರ ಎತ್ತಿನ ಒಡೆಯಗ ಅಷ್ಟ ಯವ್ವಾ" ಎನ್ನುತ್ತ ಬಂದರಂತೆ.

ಬಸ್ಸು ಇಳಿಯುವ ಹೊತ್ತಿಗೆ ಉಸ್ತಾದರು ಕಾದಿದ್ದರು. "ಏನು ಯಜಮಾನ್ರ, ಸೋತು ಬಂದಳಂತ ಹುಡುಗಿ? ಫಲ ಸುಳ್ಳಾತಲ್ಲ."

ಮಾವ ರುಮಾಲು ಸರಿಮಾಡಿಕೊಂಡರು. "ಗೆಲ್ಲತಾಳ ಅಂತ ಫಲದಾಗ ಎಲ್ಲಿತ್ತು? ಹೋಗಿ ಆಡಿ ಬರತಾಳ ಅಂತಿತ್ತು. ಹೋದಳು, ಆಡಿದಳು, ಬಂದಳು. ಒಂದು ಅಕ್ಷರ ತಪ್ಪಿಲ್ಲ."

ಬೀದಿಯಲ್ಲಿ ಹಾಗೆ ಅಂದವರು ಮನೆಗೆ ಬಂದು ಕಾಲು ತೊಳೆದು ಕೂತು, "ಫಲ ಮುಗೀತು. ಈ ವರ್ಷದ ಪರೀಕ್ಷಾ ಮುಗಿಸಿ ಸಾಲಿ ಬಿಡಲಿ" ಎಂದರು. ನಿಮ್ಮವ್ವ ನನ್ನ ಮುಖ ನೋಡಿದಳು. ನಾನು ಒಲೆಯ ಮುಖ ನೋಡಿದೆ. ಮತ್ತೆ ಅಂಥ ಕೆಲಸ ಮಾಡುವುದು ನನ್ನಿಂದ ಆಗದೆಂದು ಗೊತ್ತಿತ್ತು. ಒಂದು ಸಲ ಅವರ ಕಾಗದ ಕೆಡಿಸಿದ್ದೆ. ಅವರು ನನ್ನ ಮಾನ ಉಳಿಸಿದ್ದರು, ಅದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ಇಂದಿನವರೆಗೆ ನಿಮ್ಮವ್ವನಿಗೂ ಹೇಳಿಲ್ಲ. ಈಗ ನೀವೇ ಹೇಳಿರಿ.

ಅದಾದ ಮೇಲೂ ಅವರು ಮೂರು ವರ್ಷ ನಮ್ಮೂರಲ್ಲಿದ್ದರು. ಆಮೇಲೆ ಹುಲಿಹೈದರದ ಕಡೆ ವರ್ಗವಾಗಿ ಹೋದರು. ಹೋಗುವ ದಿನ ಊರಿನ ಎತ್ತುಗಳಿಗೆಲ್ಲ ನಮಸ್ಕಾರ ಮಾಡುವಷ್ಟರಲ್ಲಿ ಬಸ್ಸು ತಪ್ಪಿತು. ಮರುದಿನ ಹೋದರು. ನಾನು ಅವರ ಜೊತೆ ಒಂದು ಮಾತನ್ನೂ ನೇರವಾಗಿ ಆಡಿದವಳಲ್ಲ.

ಆದರೆ ನಾನು ಹೇಳಬೇಕೆಂದದ್ದು ರಾಯಚೂರಿನ ಮರುವರ್ಷದ ಯುಗಾದಿಯದು. ಸೋಲ್ ಒಲಿಂಪಿಕ್ಸಿನ ವರ್ಷ. ಹಬ್ಬಕ್ಕೆ ಎರಡು ದಿನ ಮೊದಲು ನಿಮ್ಮವ್ವ ಫಾರ್ಮುಗಳನ್ನೂ ಗೆರೆ ಹಾಳೆಗಳನ್ನೂ ತಂದು ನನ್ನ ಮುಂದೆ ಇಟ್ಟಳು. ಎಂದೂ ಇಲ್ಲದಂತೆ ಅವರು ಆ ಸಲ ವರದಿಗೆ ಒಂದು, ಎರಡು ಎಂದು ಅಂಕಿ ಹಾಕಿದ್ದರು. ಒಂದು, ಕೊರಿಯಾ. ಎರಡು, ಸಂಘಗಳ ಜಗಳ. ಹೀಗೆ ಎಂಟರವರೆಗೆ ಅವರ ಕೋಳಿಕಾಲಿನ ಅಕ್ಷರ. ಒಂಬತ್ತು ಎಂದು ಬರೆದು, ಅದರ ಮುಂದೆ ಏನೂ ಬರೆದಿರಲಿಲ್ಲ.

"ಇದೇನು, ಅರ್ಧಕ್ಕ ಬಿಟ್ಟಾರ?" ಎಂದೆ.

"ಗೊತ್ತಿಲ್ಲವಾ. ಸರ್ ಅಂದ್ರು, ನಾ ಕಾಗದದಾಗ ಎಷ್ಟು ಇರತೈತೋ ಅಷ್ಟನ್ನ ಓದತೀನಿ ಅಂತ ನಿಮ್ಮವ್ವಗ ಹೇಳು ಅಂತ. ಅವಸರ ಇಲ್ಲ, ಸಾವಕಾಶ ಬರೀಲಿ ಅಂದ್ರು."

ನಿಮ್ಮವ್ವ ಅಂಗಳಕ್ಕೆ ಓಡಿದಳು. ನಾನು ಎಂಟನ್ನೂ ಚೆನ್ನಾಗಿ ಬರೆದು, ಒಂಬತ್ತರ ಹತ್ತಿರ ಬಂದೆ. ಅವರು ಬಿಟ್ಟಿದ್ದು ಒಂದೇ ಗೆರೆ, ಒಂದು ವರ್ಷದ್ದು. ನಾನು ಅಕ್ಷರ ಸಣ್ಣದು ಮಾಡಿ, ಒತ್ತೊತ್ತಾಗಿ, ಅದೇ ಗೆರೆಯಲ್ಲಿ ನಿಮ್ಮವ್ವನ ಸಾಲಿಯನ್ನು ಹತ್ತನೇತ್ತದವರೆಗೂ ಬರೆದುಬಿಟ್ಟೆ.